ರೇಸಿಗೆಂದು ಕಾರಿನ ಎಬಿಎಸ್ ಕಳಚಬಹುದಾ? ಮಾಡಿದವರು, ನೋಡಿದವರು ಹೇಳಿ

ಕೇಳಿದವರು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹಳೆಯ ಪೆಟ್ರೋಲ್ ಸ್ವಿಫ್ಟ್ ಇದೆ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಲಾಕ್ ಆಗುವುದನ್ನು ತಡೆಯುವ ವ್ಯವಸ್ಥೆ) ಇರುವ ಮಾಡೆಲ್. ಟ್ರ್ಯಾಕಿಗೂ ಮಣ್ಣಿನ ಆಟೋಕ್ರಾಸ್ ರೇಸಿಗೂ ತಯಾರು ಮಾಡುತ್ತಿದ್ದೇನೆ. ಎಬಿಎಸ್ ತೆಗೆದುಹಾಕು, ತೂಕ ಇಳಿಯುತ್ತದೆ, ಬ್ರೇಕ್ ನಿನ್ನ ಕಾಲಿನ ಹಿಡಿತಕ್ಕೆ ಬರುತ್ತದೆ ಅಂತ ಗೆಳೆಯರು ಹೇಳುತ್ತಾರೆ. ತೋರಣಗಲ್ಲಿಗೆ ಕೆಲಸಕ್ಕೆ ಹೋಗುವುದೂ ಇದೇ ಕಾರಿನಲ್ಲಿ. ಎಷ್ಟು ಕಿಲೋ ಉಳಿಯುತ್ತದೆ? ಏನೇನು ಬದಲಾಯಿಸಬೇಕು?

ಬಳ್ಳಾರಿ, ಗ್ಯಾರೇಜ್ ನಡೆಸುವವರು

ತಮ್ಮಾ, ಮೊದಲು ತೂಕದ ಲೆಕ್ಕ ನೋಡು. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂದಾಗ ಆ ಘಟಕ ಆರು ಕಿಲೋಗಿಂತ ಜಾಸ್ತಿ ತೂಗುತ್ತಿತ್ತು. ಎಬಿಎಸ್ ಅಂದರೆ ಭಾರ ಅನ್ನುವ ಮಾತು ಆ ಕಾಲದ್ದು. ಆಮೇಲೆ ಬಂದ ಸಣ್ಣ ಕಾರುಗಳಲ್ಲಿ ಮೋಟರ್, ವಾಲ್ವ್ ಬ್ಲಾಕ್, ಕಂಟ್ರೋಲ್ ಬಾಕ್ಸ್ ಎಲ್ಲ ಸೇರಿ ಎರಡು ಕಿಲೋ ಆಸುಪಾಸು. ಸೆನ್ಸರ್, ವೈರು ಸೇರಿಸಿದರೂ ದೊಡ್ಡ ಸಂಖ್ಯೆ ಆಗುವುದಿಲ್ಲ. ಅದರಲ್ಲೂ ಬಿಚ್ಚಿದ ಜಾಗಕ್ಕೆ ಹೊಸ ಪೈಪು, ವಾಲ್ವ್ ಹಾಕಲೇಬೇಕು. ನಿನ್ನ ಕಾರು ಹೆಚ್ಚುಕಡಿಮೆ ಸಾವಿರ ಕಿಲೋ ಇದೆ. ಉಳಿಯುವುದು ಎಷ್ಟು, ನೀನೇ ನೋಡು.

ನನಗೆ ಭಯ ಇರುವುದು ಹಿಂದಿನ ಬ್ರೇಕಿನ ಬಗ್ಗೆ. ಜೋರಾಗಿ ಬ್ರೇಕ್ ಒತ್ತಿದಾಗ ಭಾರ ಎಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಟೈರಿಗೆ ನೆಲದ ಹಿಡಿತ ತೀರಾ ಕಡಿಮೆ ಆಗುತ್ತದೆ. ಅದಕ್ಕೇ ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸಬೇಕು. ಎಬಿಎಸ್ ಇಲ್ಲದ ಕಾರಿನಲ್ಲಿ ಈ ಕೆಲಸಕ್ಕೆ ಪ್ರಪೋರ್ಷನಿಂಗ್ ವಾಲ್ವ್ ಇರುತ್ತದೆ. ಎಬಿಎಸ್ ಇರುವ ಅನೇಕ ಕಾರುಗಳಲ್ಲಿ ಆ ವಾಲ್ವೇ ಇರುವುದಿಲ್ಲ. ಎಬಿಎಸ್ ಬ್ಲಾಕಿನ ಒಳಗೇ ಇರುವ ಇಬಿಡಿ, ಅಂದರೆ ಮುಂದೆ ಹಿಂದೆ ಬ್ರೇಕ್ ಒತ್ತಡ ಹಂಚುವ ವ್ಯವಸ್ಥೆ, ಅದನ್ನು ನೋಡಿಕೊಳ್ಳುತ್ತದೆ. ಬ್ಲಾಕ್ ತೆಗೆದು ಪೈಪುಗಳನ್ನು ನೇರ ಜೋಡಿಸಿದರೆ ಹಿಂದಕ್ಕೆ ಪೂರ್ತಿ ಒತ್ತಡ ಹೋಗುತ್ತದೆ, ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಕಾರು ನೆಟ್ಟಗೆ ಜಾರುತ್ತದೆ. ಹಿಂದಿನದು ಲಾಕ್ ಆದರೆ ಕಾರು ಸುತ್ತು ತಿರುಗುತ್ತದೆ. ನೂರರ ವೇಗದಲ್ಲಿ ತಿರುವಿನ ಬಾಯಲ್ಲಿ ಹಾಗಾದರೆ ಸರಿಪಡಿಸಲು ಸಮಯ ಸಿಗುವುದಿಲ್ಲ.

ಹಿಂದಿನ ಪೈಪಿಗೆ ಒಂದು ಅಡ್ಜಸ್ಟ್ ಮಾಡುವ ವಾಲ್ವ್ ಹಾಕಿದರೆ ಆಯ್ತಲ್ವಾ ಅಂತ ಕೇಳಬಹುದು. ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಬ್ರೇಕ್ ಲೈನು ಸಾಮಾನ್ಯವಾಗಿ ಅಡ್ಡಡ್ಡ ಇರುತ್ತದೆ. ಮುಂದಿನ ಎಡ, ಹಿಂದಿನ ಬಲ ಒಂದು ಲೈನು. ಮುಂದಿನ ಬಲ, ಹಿಂದಿನ ಎಡ ಇನ್ನೊಂದು. ಹಾಗಾಗಿ ಹಿಂದಕ್ಕೆ ಹೋಗುವುದು ಒಂದಲ್ಲ, ಎರಡು ಪೈಪು. ಎರಡು ವಾಲ್ವ್ ಹಾಕಿ ಎರಡನ್ನೂ ಸಮ ಮಾಡುವುದು ಕಷ್ಟ. ಲೈನನ್ನೇ ಬದಲಿಸಿದರೆ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನ ಲೆಕ್ಕವೂ ಬದಲಾಗುತ್ತದೆ.

ಮಾಡಲೇಬೇಕು ಅಂದರೆ ದಾರಿ ಒಂದೇ. ನಿನ್ನ ಮಾಡೆಲ್ಲಿನಲ್ಲಿ ಎಬಿಎಸ್ ಇಲ್ಲದ ಕಾರುಗಳೂ ಬಂದಿದ್ದವು. ಅದರ ಮಾಸ್ಟರ್ ಸಿಲಿಂಡರ್, ವಾಲ್ವ್, ಪೈಪುಗಳನ್ನು ಪಾರ್ಟ್ ನಂಬರ್ ನೋಡಿ ಒಟ್ಟಿಗೆ ತಾ. ಬ್ರಾಕೆಟ್ ಬೇಕಿದ್ದರೆ ಗುಜರಿಯಿಂದ ತಂದರೂ ನಡೆಯುತ್ತದೆ. ಸಿಲಿಂಡರ್ ಮಾತ್ರ ಹೊಸದೇ ಆಗಬೇಕು, ಹಳೆಯ ರಬ್ಬರ್ ಕಪ್ಪುಗಳನ್ನು ನಾನು ಯಾವತ್ತೂ ನಂಬುವುದಿಲ್ಲ. ಪೈಪು ಉಕ್ಕಿನದು, ತುದಿ ಡಬಲ್ ಫ್ಲೇರ್, ಅಂದರೆ ಎರಡು ಸಲ ಮಡಚಿ ಅಗಲ ಮಾಡಿದ್ದು.

ರಾಯಚೂರು, ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವವರು

ಅಣ್ಣನವರು ಹೇಳಿದ್ದು ಡಾಂಬರಿಗೆ ಪೂರ್ತಿ ಸರಿ. ಸಡಿಲ ಮಣ್ಣು, ಗರಸಿನ ಮೇಲೆ ಕತೆ ಬೇರೆ. ಅಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಮಣ್ಣು ಗುಡ್ಡೆ ಹಾಕಿಕೊಳ್ಳುತ್ತದೆ, ಆ ಗುಡ್ಡೆಯೇ ಕಾರನ್ನು ತಡೆಯುತ್ತದೆ. ಎಬಿಎಸ್ ಚಕ್ರವನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಗುಡ್ಡೆ ಕಟ್ಟುವುದಿಲ್ಲ, ಕಾರು ಜಾಸ್ತಿ ದೂರ ಹೋಗಿ ನಿಲ್ಲುತ್ತದೆ. ರ‍್ಯಾಲಿಯವರು ಎಬಿಎಸ್ ಬೇಡ ಅನ್ನುವುದು ಇದಕ್ಕೆ. ತೂಕ ಆಮೇಲಿನ ಮಾತು.

ಅದಕ್ಕೆ ಬಿಚ್ಚುವ ಅಗತ್ಯ ಇಲ್ಲ. ನಾನು ಮಣ್ಣಿಗಿಳಿಯುವ ಮುಂಚೆ ಎಬಿಎಸ್ ಫ್ಯೂಸ್ ತೆಗೆಯುತ್ತೇನೆ, ರಸ್ತೆಗೆ ಬರುವ ಮುಂಚೆ ಮತ್ತೆ ಹಾಕುತ್ತೇನೆ. ಆದರೆ ಫ್ಯೂಸ್ ತೆಗೆದರೆ ಇಬಿಡಿಯೂ ಹೋಗುತ್ತದೆ, ನೆನಪಿರಲಿ. ಮೊದಲು ಖಾಲಿ ಬಯಲಿನಲ್ಲಿ ಕಡಿಮೆ ವೇಗದಲ್ಲಿ ಬ್ರೇಕ್ ಒತ್ತಿ. ಒಬ್ಬರನ್ನು ದೂರದಲ್ಲಿ ನಿಲ್ಲಿಸಿ ಯಾವ ಚಕ್ರ ಮೊದಲು ನಿಲ್ಲುತ್ತದೆ ಅಂತ ನೋಡಿಸಿ. ಕೆಲವು ಕಾರುಗಳಲ್ಲಿ ಸ್ಪೀಡೋಮೀಟರಿಗೂ ಪವರ್ ಸ್ಟೀರಿಂಗಿಗೂ ವೇಗದ ಲೆಕ್ಕ ಈ ಚಕ್ರದ ಸೆನ್ಸರಿನಿಂದಲೇ ಸಿಗುತ್ತದೆ, ಅದನ್ನೂ ಪರೀಕ್ಷೆ ಮಾಡಿ.

ಮಳೆ ಬಿದ್ದ ಎರೆ ನೆಲದಲ್ಲಂತೂ ಎಬಿಎಸ್ ಇದ್ದರೂ ಇಲ್ಲದಿದ್ದರೂ ಬ್ರೇಕ್ ನಂಬಬೇಡಿ.

ಕೊಪ್ಪಳ, ಸರ್ಕಿಟ್ ಓಡಿಸುವವರು

ಬ್ರದರ್, ಎಬಿಎಸ್ ಅಂದರೆ ರೇಸಿನವರಿಗೆ ಬೇಡದ್ದು ಅನ್ನುವುದು ನಿಜವಲ್ಲ. ಫಾರ್ಮುಲಾ ಒನ್‌ನಲ್ಲಿ 1994ರಿಂದ ಅದನ್ನು ನಿಷೇಧಿಸಿದ್ದು ಚಾಲಕನಿಗೆ ಹೆಚ್ಚು ನೆರವಾಗುತ್ತದೆ ಅಂತ. ಸ್ಪೋರ್ಟ್ಸ್ ಕಾರುಗಳ ಜಿಟಿ3 ರೇಸ್ ಕ್ಲಾಸಿನ ಕಾರುಗಳು ಇವತ್ತಿಗೂ ಎಬಿಎಸ್ ಇಟ್ಟುಕೊಂಡೇ ಓಡುತ್ತವೆ. ಕಲಿಯುವ ಹಂತದಲ್ಲಿ ಎಬಿಎಸ್ ಇಲ್ಲದೆ ಒಮ್ಮೆ ಜೋರಾಗಿ ಲಾಕ್ ಮಾಡಿದರೆ ಟೈರು ಒಂದೇ ಕಡೆ ಸವೆದು ಚಪ್ಪಟೆ ಆಗುತ್ತದೆ. ಆ ಟೈರು ಮುಗಿದ ಹಾಗೆಯೇ.

ತೂಕ ಇಳಿಸಲು ಬೇರೆ ಜಾಗ ಬೇಕಾದಷ್ಟಿದೆ. ಸ್ಟೆಪ್ನಿ, ಜಾಕಿ, ಹಿಂದಿನ ಸೀಟು, ಸ್ಪೀಕರ್, ಮ್ಯಾಟು ತೆಗೆದರೇ ಹತ್ತಾರು ಕಿಲೋ ಹೋಗುತ್ತದೆ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ. ಮೂರು ಲೀಟರ್ ಕಡಿಮೆ ತುಂಬಿಸಿದರೆ ಎಬಿಎಸ್ ಘಟಕದ ಅಷ್ಟೂ ತೂಕ ಇಳಿದ ಹಾಗೆ. ಇವೆಲ್ಲ ಸಂಜೆ ಮತ್ತೆ ಹಾಕಿಕೊಳ್ಳುವಂಥವು.

ದುಡ್ಡನ್ನು ಟೈರು, ಪ್ಯಾಡು, ಬ್ರೇಕ್ ಆಯಿಲಿಗೆ ಹಾಕಿ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಗೆ. ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಹಳೆಯ ಆಯಿಲ್ ಹಾಕಿಕೊಂಡು ಸುತ್ತು ಹೊಡೆದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ನಿಮಗೆ ಎಬಿಎಸ್‌ಗಿಂತ ಮೊದಲು ಸರಿಯಾಗಬೇಕಾದ್ದು ಇದು. ಸ್ಪರ್ಧೆಗೆ ಹೋಗುವುದಾದರೆ ನಿಮ್ಮ ಕ್ಲಾಸಿನಲ್ಲಿ ಏನು ತೆಗೆಯಬಹುದು ಅಂತ ದೇಶದ ಮೋಟಾರ್ ರೇಸ್ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ನಿಯಮವನ್ನೂ ಮೊದಲೇ ಓದಿ.

ಬಳ್ಳಾರಿ, ಆರ್‌ಟಿಒ ಕೆಲಸ ಮಾಡಿಸುವವರು

ಒಂದೇ ವಿಷಯ. 2019ರ ಏಪ್ರಿಲ್ ನಂತರ ಬಂದ ಕಾರುಗಳಿಗೆ ಎಬಿಎಸ್ ಕಡ್ಡಾಯ. ನಿಮ್ಮದು ಅದಕ್ಕಿಂತ ಹಳೆಯದು, ಸರಿ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವ ಹಾಗಿಲ್ಲ. ಅನುಮತಿ ಇಲ್ಲದ ಬದಲಾವಣೆಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಬ್ರೇಕಿಗೆ ಕೈ ಹಾಕಿದ ಕಾರು ಅಪಘಾತ ಆದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯಲು ಅದೊಂದೇ ಸಾಕು. ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಲಾರಿಗಳ ನಡುವೆ ಓಡಾಡುವ ಕಾರು ಅದು. ದಯವಿಟ್ಟು ಎಬಿಎಸ್ ಇರಲಿ.

ಕೇಳಿದವರು, ಬಳ್ಳಾರಿ

ತುಂಬಾ ಥ್ಯಾಂಕ್ಸ್. ಎಬಿಎಸ್ ಮುಟ್ಟುವುದಿಲ್ಲ. ಮೊದಲು ಆಯಿಲ್ ಬದಲಿಸುತ್ತೇನೆ. ಅಣ್ಣಾ, ಎಬಿಎಸ್ ಇರುವ ಕಾರಿನಲ್ಲಿ ಏರ್ ತೆಗೆಯಲು ಸ್ಕ್ಯಾನರ್ ಬೇಕೇ ಬೇಕಾ?

ಬಳ್ಳಾರಿ, ಗ್ಯಾರೇಜ್ ನಡೆಸುವವರು

ಸುಮ್ನೆ ಆಯಿಲ್ ಬದಲಿಸುವುದಕ್ಕೆ ಸಾಮಾನ್ಯವಾಗಿ ಬೇಡ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಚಕ್ರದ ಹತ್ತಿರ ಇರುವ ಗಾಳಿ ಬಿಡುವ ನಿಪ್ಪಲ್ ಬಿಚ್ಚಿ ಮುಚ್ಚಲಿ. ಮೇಲಿನ ಡಬ್ಬಿ ಮಾತ್ರ ಖಾಲಿ ಆಗಲು ಬಿಡಬೇಡ. ಖಾಲಿಯಾಗಿ ಬ್ಲಾಕಿನೊಳಗೆ ಗಾಳಿ ಹೋದರೆ ಆಗ ಸ್ಕ್ಯಾನರ್ ಹಾಕಿ ಪಂಪ್ ಓಡಿಸಬೇಕಾಗುತ್ತದೆ.