ಟೆಕ್ಸಾಸ್‌ನ ಸಣ್ಣ ಕೌಂಟಿ (ನಮ್ಮ ಜಿಲ್ಲೆ ಥರ): ಜೈಲಿನಲ್ಲಿದ್ದಾನಾ ಅಂತ ತಿಳಿಯುವುದು ಹೇಗೆ?

ಶನಿವಾರ ರಾತ್ರಿ ನನ್ನ ರೂಮ್‌ಮೇಟ್‌ನನ್ನು ಹೈವೇಯಲ್ಲಿ ಪೊಲೀಸರು ಹಿಡಿದರು. ಫೋನ್ ಸ್ವಿಚ್ ಆಫ್. ಗೂಗಲ್ ಮಾಡಿದರೆ ಬರೀ ದುಡ್ಡು ಕೇಳುವ ಸೈಟುಗಳು. ಅವರಮ್ಮ ಹಾಸನದಿಂದ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದಾರೆ. ಏನಂತ ಹೇಳಲಿ?

ಉತ್ತರ 1: ಆ ಸೈಟುಗಳಿಗೆ ಪೈಸೆಯೂ ಕೊಡಬೇಡಿ. ಕೌಂಟಿ ಜೈಲು ಸಾಮಾನ್ಯವಾಗಿ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕೈಯಲ್ಲಿರುತ್ತದೆ. ಅವರ ವೆಬ್‌ಸೈಟಿನಲ್ಲಿ ‘ಜೈಲ್ ರೋಸ್ಟರ್’, ಅಂದರೆ ಜೈಲಿನಲ್ಲಿರುವವರ ಪಟ್ಟಿ, ಹುಡುಕಿ. ಸಣ್ಣ ಊರುಗಳಲ್ಲಿ ಎಷ್ಟೋ ಕಡೆ ಅದೂ ಇರಲ್ಲ, ಆಗ ಜೈಲಿಗೇ ಫೋನ್ ಮಾಡಿ. ನಮ್ಮವರ ಹೆಸರೇ ದೊಡ್ಡ ತಲೆನೋವು ಅಲ್ವಾ? ಪಾಸ್‌ಪೋರ್ಟಿನ ಸ್ಪೆಲ್ಲಿಂಗ್, ಅಪ್ಪನ ಹೆಸರು, ಹುಟ್ಟಿದ ದಿನ, ಎಲ್ಲ ಹೇಳಿ.

ಉತ್ತರ 2: ಇಲ್ಲಿ 254 ಕೌಂಟಿ ಇವೆ. ಕೆಲವಕ್ಕೆ ಸ್ವಂತ ಜೈಲೇ ಇಲ್ಲ. ಪಕ್ಕದ ಕೌಂಟಿಯನ್ನೂ ಕೇಳಿ.

ಸಿಕ್ಕಿದ! ಪಕ್ಕದ ಕೌಂಟಿಯಲ್ಲೇ, ಅಪ್ಪನ ಹೆಸರಲ್ಲಿ ಬುಕ್ ಆಗಿದ್ದ. ಈಗ ಅಮ್ಮನಿಗೆ ಹೇಳಬೇಕು.