ಸೈಕಲ್ ಇಳಿದು ಓಡಿದ ಕೂಡಲೇ ಎರಡೂ ಮೀನಖಂಡ ಹಿಡಿಯುತ್ತಿವೆ (ಸ್ಪ್ರಿಂಟ್ ಟ್ರಯಥ್ಲಾನ್, ಐದು ವಾರ ಬಾಕಿ)

ಮೊದಲಸ್ಪ್ರಿಂಟ್
ಎಲ್ಲರಿಗೂ ನಮಸ್ಕಾರ. ಈಜು 750 ಮೀ., ಸೈಕಲ್ 20 ಕಿ.ಮೀ., ಓಟ 5 ಕಿ.ಮೀ. ಸೈಕಲ್ ಇಳಿದು 300–400 ಮೀಟರ್ ಓಡುವಷ್ಟರಲ್ಲಿ ಎರಡೂ ಮೀನಖಂಡ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಎರಡನೇ ಕಿಲೋಮೀಟರ್ ತನಕ ಬಿಡುವುದಿಲ್ಲ. ಬರೀ 5 ಕಿ.ಮೀ. ಓಡಿದರೆ 26 ನಿಮಿಷ, ಸೈಕಲ್ ಆದ ಮೇಲೆ 31. ಸೈಕಲ್‌ಗೆ 39 ನಿಮಿಷ. ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಸುತ್ತುವ ಸಂಖ್ಯೆ) ಸರಾಸರಿ 68, ಹೆಚ್ಚು ಹೊತ್ತು ಮುಂದೆ 50, ಹಿಂದೆ 14ರ ಹಲ್ಲಿನಲ್ಲೇ ಇರುತ್ತೆ. ಈಜಿನ ಕೊನೆಯಲ್ಲೂ ಆಗಾಗ ಮೀನಖಂಡ ಸೆಳೆಯುತ್ತೆ. ಎಲೆಕ್ಟ್ರೊಲೈಟ್, ಉಪ್ಪಿನ ಮಾತ್ರೆ ಎರಡರಿಂದಲೂ ವ್ಯತ್ಯಾಸ ಕಾಣಲಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಚೈನ್‌ರಿಂಗ್50
ಉಪ್ಪನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಂದೂವರೆ ಗಂಟೆಯೊಳಗೆ ಮುಗಿಯುವ ರೇಸಿನಲ್ಲಿ, ಅದೂ ಪ್ರತಿ ಸಲ ಒಂದೇ ಸ್ನಾಯು ಒಂದೇ ಜಾಗದಲ್ಲಿ ಹಿಡಿಯುತ್ತಿದೆ ಅಂದರೆ ಆ ಸ್ನಾಯುವಿಗೆ ಅಭ್ಯಾಸಕ್ಕಿಂತ ಹೆಚ್ಚು ಕೆಲಸ ಬೀಳುತ್ತಿದೆ ಅಂತಲೇ ಮೊದಲು ಅನುಮಾನಿಸಬೇಕು.

ನಿಮ್ಮ ಗೇರನ್ನೇ ನೋಡಿ. 50-14ರಲ್ಲಿ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ ಸುಮಾರು 7.5 ಮೀ. ಸಾಗುತ್ತೆ. 50-18ರಲ್ಲಿ ಸುಮಾರು 5.8 ಮೀ. ನಿಮ್ಮ ಈಗಿನ ವೇಗ, ಅಂದರೆ ಗಂಟೆಗೆ ಹತ್ತಿರ ಹತ್ತಿರ 31 ಕಿ.ಮೀ., 50-18ರಲ್ಲಿ 88 ಕೇಡೆನ್ಸ್‌ಗೆ ಸಿಗುತ್ತೆ. ವೇಗ ಅದೇ, ಆದರೆ ಪ್ರತಿ ತುಳಿತಕ್ಕೆ ಹಾಕುವ ಬಲ ಕಾಲುಭಾಗದ ಹತ್ತಿರ ಇಳಿಯುತ್ತೆ. ಶುರುವಿನಲ್ಲಿ ಉಸಿರು ಜಾಸ್ತಿಯಾಗುತ್ತೆ, ಸೀಟಿನ ಮೇಲೆ ಕುಪ್ಪಳಿಸಿದ ಹಾಗೂ ಆಗುತ್ತೆ. ಹಾಗಾಗಿ ಒಂದೇ ದಿನ 68ರಿಂದ 88ಕ್ಕೆ ಹಾರಬೇಡಿ. ಮೊದಲ ವಾರ 75, ಆಮೇಲೆ 80, ಆಮೇಲೆ 85. ರೇಸಿಗೆ 85 ಬಂದರೂ ಸಾಕು.

ಅಲೆನ್‌ಕೀ
ಗೇರಿನ ಮಾತು ಒಪ್ಪುತ್ತೇನೆ, ಆದರೆ ಅದೊಂದೇ ಕಾರಣ ಅನ್ನಿಸುತ್ತಿಲ್ಲ. ಭಾರದ ಗೇರು ಮೊದಲು ತೊಡೆಯನ್ನು ದಣಿಸುತ್ತೆ. ಮೀನಖಂಡವೇ ಮೊದಲು ಸೋಲುತ್ತಿದ್ದರೆ ಪಾದ ಕೆಳಮುಖವಾಗಿ ತುಳಿಯುತ್ತಿರಬಹುದು. ಇಷ್ಟು ಅಳೆದು ಹೇಳಿ:

– ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ದಪ್ಪ ಪುಸ್ತಕವನ್ನು ಕಾಲ ಸಂದಿಗೆ ಗಟ್ಟಿಯಾಗಿ ಒತ್ತಿ, ಪುಸ್ತಕದ ಮೇಲಂಚಿನಿಂದ ನೆಲದವರೆಗಿನ ಎತ್ತರ
– ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ, ಸೀಟು ಪೋಸ್ಟ್ ಗುಂಟ ಇರುವ ದೂರ
– ಕ್ಲೀಟ್ (ಸೈಕಲ್ ಶೂ ತಳದಲ್ಲಿದ್ದು ಪೆಡಲ್‌ಗೆ ಕಚ್ಚಿಕೊಳ್ಳುವ ತುಂಡು) ಎಲ್ಲಿದೆ: ಹೆಬ್ಬೆರಳ ಬುಡದ ಗಂಟಿಗಿಂತ ಮುಂದೋ, ಹಿಂದೋ
– ಓಟದ ಶೂ ಅಭ್ಯಾಸಕ್ಕೂ ರೇಸಿಗೂ ಒಂದೇನಾ?

ಮೊದಲಸ್ಪ್ರಿಂಟ್
ಕಾಲಿನ ಅಳತೆ 80 ಸೆಂ.ಮೀ. ಸೀಟು 73 ಸೆಂ.ಮೀ. ಕ್ಲೀಟ್ ಹೆಬ್ಬೆರಳ ಗಂಟಿಗಿಂತ ಸ್ವಲ್ಪ ಮುಂದಿದೆ. ಅಭ್ಯಾಸದ ಶೂನಲ್ಲಿ ಹಿಮ್ಮಡಿ–ಮುಂಗಾಲು ಎತ್ತರದ ವ್ಯತ್ಯಾಸ 10 ಮಿ.ಮೀ., ರೇಸಿನದ್ದರಲ್ಲಿ 4 ಮಿ.ಮೀ. ರೇಸಿನ ಶೂವನ್ನು ಸೈಕಲ್ ನಂತರದ ಓಟಕ್ಕೆ ಮಾತ್ರ ಹಾಕುತ್ತೇನೆ.

ಅಲೆನ್‌ಕೀ
ನಿಮ್ಮ ಉತ್ತರದಲ್ಲೇ ಮೂರು ಕಾರಣಗಳಿವೆ.

ಸೀಟು: ಕಾಲಿನ ಅಳತೆಯನ್ನು 0.883ರಿಂದ ಗುಣಿಸಿದರೆ ಶುರು ಮಾಡಲು ಒಂದು ಎತ್ತರ ಸಿಗುತ್ತೆ. ನಿಮಗದು 70.6 ಸೆಂ.ಮೀ. ನಿಮ್ಮದು ಅದಕ್ಕಿಂತ 2.4 ಸೆಂ.ಮೀ. ಮೇಲಿದೆ. ಪೆಡಲ್ ಕೆಳತುದಿಗೆ ಹೋದಾಗ ಕಾಲು ಎಟುಕದೆ ಹಿಮ್ಮಡಿ ಎತ್ತಿ ಬೆರಳಲ್ಲಿ ತುಳಿಯಬೇಕಾಗುತ್ತೆ. 68 ಕೇಡೆನ್ಸ್‌ನಲ್ಲಿ 39 ನಿಮಿಷ ಅಂದರೆ ಒಂದೊಂದು ಕಾಲಿಗೆ 2,600ಕ್ಕೂ ಹೆಚ್ಚು ಸಲ. ಸೀಟು ಒಂದೇ ಸಲಕ್ಕೆ ಇಳಿಸಬೇಡಿ, ಮೊಣಕಾಲಿನ ಮುಂಭಾಗ ನೋಯಬಹುದು. ಈಗಿರುವ ಜಾಗಕ್ಕೆ ಟೇಪ್ ಸುತ್ತಿ ಗುರುತು ಮಾಡಿ, 5 ಮಿ.ಮೀ. ಇಳಿಸಿ, ಎರಡು ಮೂರು ಸವಾರಿ ನೋಡಿ, ಮತ್ತೆ 5. ಸೂತ್ರದ ಅಂಕಿಯನ್ನೇ ಮುಟ್ಟಬೇಕೆಂದಿಲ್ಲ. ಕೆಳತುದಿಯಲ್ಲಿ ಮೊಣಕಾಲು 25–35 ಡಿಗ್ರಿ ಬಾಗಿದ್ದು, ಹಿಂದಿನಿಂದ ನೋಡಿದರೆ ಸೊಂಟ ಆಚೀಚೆ ಓಲಾಡದಿದ್ದರೆ ಅಲ್ಲೇ ನಿಲ್ಲಿಸಿ. ಪೋಸ್ಟ್ ಕಾರ್ಬನ್ ಆಗಿದ್ದರೆ ಗ್ರೀಸ್ ಬೇಡ, ಕಾರ್ಬನ್ ಪೇಸ್ಟ್ ಹಾಕಿ. ಬೋಲ್ಟನ್ನು ಕ್ಲ್ಯಾಂಪ್ ಮೇಲೆ ಬರೆದಿರುವ ಟಾರ್ಕ್‌ನಷ್ಟೇ ಬಿಗಿ ಮಾಡಿ.

ಕ್ಲೀಟ್: ಅಂಚಿನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆದು, 5 ಮಿ.ಮೀ. ಹಿಮ್ಮಡಿ ಕಡೆ ಸರಿಸಿ. ಪೆಡಲ್‌ನ ಅಚ್ಚು ಹೆಬ್ಬೆರಳ ಗಂಟಿಗೂ ಕಿರುಬೆರಳ ಗಂಟಿಗೂ ನಡುವೆ ಬರಬೇಕು. ಅಚ್ಚು ಬೆರಳ ತುದಿಯ ಕಡೆ ಹೋದಷ್ಟೂ ಪಾದವನ್ನು ಗಟ್ಟಿಯಾಗಿ ಹಿಡಿಯುವ ಕೆಲಸ ಮೀನಖಂಡಕ್ಕೇ ಬೀಳುತ್ತೆ. ತಿರುಗಿಸುವ ಕೋನ ಮುಟ್ಟಬೇಡಿ.

ಶೂ: ವ್ಯತ್ಯಾಸ 10ರಿಂದ 4ಕ್ಕೆ ಇಳಿದಾಗ ಹಿಮ್ಮಡಿ ಕೆಳಗಿಳಿದು ಮೀನಖಂಡ ಪ್ರತಿ ಹೆಜ್ಜೆಗೂ ಹೆಚ್ಚು ಎಳೆಯುತ್ತೆ. ಅದನ್ನು ದಣಿದ ಕಾಲಿಗೆ ಮಾತ್ರ ಹಾಕುತ್ತಿದ್ದೀರಿ. ಐದು ವಾರದಲ್ಲಿ ಹೊಂದಿಕೊಳ್ಳುವ ಬದಲು ಈ ರೇಸಿಗೆ ಅಭ್ಯಾಸದ ಶೂನಲ್ಲೇ ಓಡಿ ಅನ್ನುವುದು ನನ್ನ ಸಲಹೆ. ಎಲಾಸ್ಟಿಕ್ ಲೇಸ್ ಹಾಕಿಕೊಳ್ಳಿ, ಆದರೆ ಪಾದದ ಮೇಲ್ಭಾಗ ಜೋಮು ಹಿಡಿಯುವಷ್ಟು ಬಿಗಿ ಬೇಡ.

ಚೈನ್‌ರಿಂಗ್50
ಒಂದು ವಿಷಯ ಸೇರಿಸಲೇಬೇಕು. ಸೀಟು 2 ಸೆಂ.ಮೀ. ಇಳಿದರೆ, ಪೋಸ್ಟ್ ಓರೆ ಇರುವುದರಿಂದ ಸೀಟು ಸುಮಾರು 6 ಮಿ.ಮೀ. ಮುಂದಕ್ಕೂ ಬರುತ್ತೆ. ಅದನ್ನು ಹಿಂದಕ್ಕೆ ತಳ್ಳಿ ಸರಿಮಾಡಬೇಕು ಅಂತ ನಾನು ಹೇಳುತ್ತೇನೆ.

ಅಲೆನ್‌ಕೀ
ಬರೀ ಸೈಕಲ್ ಸವಾರಿಗಾದರೆ ಸರಿ. ಇಲ್ಲಿ ಮುಂದೆ ಓಟ ಇದೆ. ಸೀಟು ಸ್ವಲ್ಪ ಮುಂದಿದ್ದರೆ ಸೊಂಟದ ಮಡಿಕೆ ಸಡಿಲವಾಗಿ ಇಳಿದ ಮೇಲೆ ನೆಟ್ಟಗಾಗುವುದು ಸುಲಭ. ಕೈಗಳ ಮೇಲೆ ಭಾರ ಬೀಳುತ್ತಿದೆ ಅನ್ನಿಸಿದರೆ ಮಾತ್ರ ಹಿಂದಕ್ಕೆ ಸರಿಸಲಿ.

ನೀರ್‌ಗೆರೆ
ಈಜಿನ ಸೆಳೆತಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಬೆರಳನ್ನು ಬಲವಾಗಿ ಚಾಚಿ ಒದ್ದರೆ ಮೀನಖಂಡ ಇಡೀ 750 ಮೀ. ಬಿಗಿಯಾಗೇ ಇರುತ್ತೆ. ಕಣಕಾಲು ಸಡಿಲ ಬಿಟ್ಟು ಸೊಂಟದಿಂದ ಒದೆಯಿರಿ. ಒಂದು ಕೈಗೆ ಒಂದು ಒದೆತ ಸಾಕು, ಮೈ ಮಟ್ಟಸವಾಗಿದ್ದರೆ ಕಾಲು ಮುಳುಗುವುದಿಲ್ಲ. ನೀರಿನೊಳಗೆ ಹಿಡಿದುಕೊಂಡರೆ ಅಂಗಾತ ತಿರುಗಿ, ಹೆಬ್ಬೆರಳನ್ನು ಮೊಣಕಾಲಿನ ಕಡೆ ಎಳೆದುಕೊಳ್ಳಿ. ಬಿಡದಿದ್ದರೆ ಕೈ ಎತ್ತಿ ರಕ್ಷಣಾ ದೋಣಿಯನ್ನು ಕರೆಯಿರಿ.

ಒಂದೇ ಕಾಲು, ಒಂದೇ ಬಿಂದುವಿನಲ್ಲಿ ನೋವು, ಮಾರನೇ ದಿನ ನಡೆಯುವಾಗಲೂ ಇದ್ದರೆ ಅದು ಸೆಳೆತವಲ್ಲ, ಸ್ನಾಯು ಹರಿದಿರಬಹುದು. ಎಳೆದು ಸ್ಟ್ರೆಚ್ ಮಾಡಬೇಡಿ, ಫಿಸಿಯೋಗೆ ತೋರಿಸಿ. ಊತ, ಬಿಸಿ ಇದ್ದರೆ ಅಂದೇ ಡಾಕ್ಟರ ಹತ್ತಿರ ಹೋಗಿ.

ಮೊದಲಸ್ಪ್ರಿಂಟ್
ನೋವು ಎರಡೂ ಕಾಲಲ್ಲಿ, ಮಾರನೇ ದಿನಕ್ಕೆ ಇರುವುದಿಲ್ಲ. ಕ್ಲೀಟ್ ಸರಿಸಿ, ಸೀಟನ್ನು 71.5ಕ್ಕೆ ತಂದಿದ್ದೇನೆ, ಮೊಣಕಾಲಿಗೆ ತೊಂದರೆ ಇಲ್ಲ. ಹಳೇ ಶೂನಲ್ಲಿ ಓಡಿದಾಗ ಬಿಗಿತ ಬಂತು, ಹಿಡಿದುಕೊಳ್ಳಲಿಲ್ಲ. ಬ್ರಿಕ್ ಅಭ್ಯಾಸ (ಸೈಕಲ್ ಆದ ಕೂಡಲೇ ಓಟ) ಹೇಗಿರಬೇಕು? ಸೈಕಲ್‌ನ ಕೊನೆಯ ಭಾಗ?

ಚೈನ್‌ರಿಂಗ್50
ವಾರಕ್ಕೊಂದು ಬ್ರಿಕ್ ಸಾಕು. 5 ಕಿ.ಮೀ. ಸೈಕಲ್ ರೇಸ್ ವೇಗದಲ್ಲಿ, ತಕ್ಷಣ 1 ಕಿ.ಮೀ. ಓಟ, ಇದನ್ನು ಮೂರು ಸಲ. ಕಷ್ಟ ಇರುವುದು ಬದಲಾವಣೆಯ ಮೊದಲ ಕಿಲೋಮೀಟರ್‌ನಲ್ಲಿ, ಅದನ್ನೇ ಮತ್ತೆ ಮತ್ತೆ ಮಾಡಬೇಕು. ರೇಸಿಗೆ ನಾಲ್ಕೈದು ದಿನ ಇರುವಾಗ 20 ನಿಮಿಷ ಸೈಕಲ್, 5 ನಿಮಿಷ ಓಟ ಮಾಡಿ ನಿಲ್ಲಿಸಿ.

ರೇಸಿನಲ್ಲಿ ಎನರ್ಜಿ ಜೆಲ್ ತಿನ್ನುವುದಿದ್ದರೆ ಸೈಕಲ್‌ನ ಮೊದಲ 10–15 ನಿಮಿಷದೊಳಗೆ. ಕೊನೆಯ ಐದು ನಿಮಿಷ ಗಟಗಟ ಕುಡಿಯಬೇಡಿ, ಓಡುವಾಗ ಪಕ್ಕೆ ಹಿಡಿಯುತ್ತೆ. ಕೊನೆಯ 1 ಕಿ.ಮೀ. ಎರಡು ಹಲ್ಲು ಹಗುರ ಮಾಡಿ, ಕೇಡೆನ್ಸ್ 90ರ ಸುತ್ತ ಇರಲಿ. ಎರಡು ಸಲ ಎದ್ದು ನಿಂತು ಹಿಮ್ಮಡಿ ಕೆಳಗೆ ಒತ್ತಿ. ಇಳಿಯುವ ಗೆರೆಗೆ ಮೊದಲೇ ಇಳಿಯಿರಿ. ಸೈಕಲ್ ರ್‍ಯಾಕ್‌ಗೆ ಹಾಕುವವರೆಗೂ ಹೆಲ್ಮೆಟ್ ಬಕಲ್ ಮುಟ್ಟಬೇಡಿ, ಪೆನಾಲ್ಟಿ ಬೀಳುತ್ತೆ.

ಓಟದ ಮೊದಲ 400 ಮೀ. ಹೆಜ್ಜೆ ಚಿಕ್ಕದು, ಲಯ ಚುರುಕು. ಕಾಲು ಭಾರ ಅನ್ನಿಸಿದರೂ ವಾಚ್ ನೋಡಿ, ಸೈಕಲ್‌ನ ವೇಗ ತಲೆಯಲ್ಲಿ ಇರುವುದರಿಂದ ಗೊತ್ತಿಲ್ಲದೇ ಜೋರು ಓಡುತ್ತೇವೆ. 26 ನಿಮಿಷದವರಿಗೆ ಕಿಲೋಮೀಟರ್‌ಗೆ 5:12 ಆಗುತ್ತೆ. ನೀವು ಮೊದಲನೆಯದನ್ನು 5:35ಕ್ಕೆ ಓಡಿ, ಎರಡನೆಯದರಿಂದ 5:20ಕ್ಕೆ ಇಳಿಸಿ.

ಅಲೆನ್‌ಕೀ
ಕೊನೆಯ ಎರಡು ವಾರ ಸೀಟು, ಕ್ಲೀಟ್, ಶೂ ಯಾವುದನ್ನೂ ಬದಲಿಸಬೇಡಿ. 71.5ರಲ್ಲಿ ಬಿಗಿತ ಉಳಿದಿದ್ದರೆ ಇನ್ನೊಂದು 5 ಮಿ.ಮೀ. ಇಳಿಸುವುದಿದ್ದರೆ ಈ ವಾರವೇ ಇಳಿಸಿ.