ತಾಮ್ರದ ಹರಳು ತಿರುಗಿಸಿದರೆ ಶಾಖದ ಲೆಕ್ಕ ಬದಲಾಗುತ್ತದಾ?

(ಕಾಸರಗೋಡಿನ ಕನ್ನಡ ವಿಜ್ಞಾನ ಗುಂಪು. ಉತ್ತರ ಲೇಸರ್ ಲ್ಯಾಬಿನ ಟೀಚರ್ ಅವರದ್ದು.)

ಕುಂಬಳೆ: ನಮಸ್ಕಾರ ಟೀಚರ್. ತಾಮ್ರದ ಒಂಟಿ ಹರಳು, 001 ಮುಖ (ಪರಮಾಣು ಜೋಡಣೆಯ ಘನದ ಒಂದು ಬದಿಗೆ ಸಮಾನಾಂತರ ಮೈ). ಎರಡು ಲೇಸರ್ ಕಿರಣ ಒಂದೇ ಕಡೆ ಬೀಳಿಸಿ, 10 ಮೈಕ್ರಾನ್ ಅಂತರದ ಬೆಳಕಿನ ಪಟ್ಟೆಗಳನ್ನು ಮೂಡಿಸಿ ಶಾಖ ಹರಡುವುದನ್ನು ಅಳೆದೆ. ಸೆಕೆಂಡಿಗೆ 115 ಚದರ ಮಿಲಿಮೀಟರ್ ಬಂತು. ಹರಳನ್ನು 30 ಡಿಗ್ರಿ ತಿರುಗಿಸಿದರೆ 128! ಯಾವುದು ಸರಿ?

ಪೆರ್ಲ: ಸರಾಸರಿ ತೆಗೆಯಿರಿ, ಮುಗೀತು.

ಟೀಚರ್: ಸರಾಸರಿ ಬೇಡ. ತಾಮ್ರ ಕ್ಯೂಬಿಕ್ ಹರಳು, ಶಾಖ ಎಲ್ಲ ದಿಕ್ಕಿಗೂ ಒಂದೇ ಥರ ಹರಡುತ್ತದೆ. ಬಿಗಿತ ಮಾತ್ರ ಹಾಗಲ್ಲ. ಅದನ್ನು ಹೇಳುವ ಜೀನರ್ ಅನುಪಾತ ಟಂಗ್‌ಸ್ಟನ್‌ಗೆ ಹೆಚ್ಚುಕಮ್ಮಿ 1, ಅಂದರೆ ಎಲ್ಲ ದಿಕ್ಕಿಗೂ ಒಂದೇ ಬಿಗಿತ; ತಾಮ್ರಕ್ಕೆ ಸುಮಾರು 3.2. ನೀವು ನೋಡುತ್ತಿರುವುದು ಶಾಖವನ್ನಲ್ಲ, ಬಿಸಿಯಾಗಿ ಉಬ್ಬಿದ ಪಟ್ಟೆ ಇಳಿಯುವುದನ್ನು. ಲೇಸರ್ ಬಿದ್ದ ಕೂಡಲೇ ಮೇಲ್ಮೈಯಲ್ಲಿ ಅಲೆಯೂ ಏಳುತ್ತದೆ. ನಿಮ್ಮ ಪಟ್ಟೆಯಲ್ಲಿ ಶಾಖ ಇಳಿಯಲು ಸುಮಾರು 22 ನ್ಯಾನೋಸೆಕೆಂಡ್ ಬೇಕು, ಅಲೆಯ ಒಂದು ಸುತ್ತಿಗೆ 5ರ ಆಸುಪಾಸು. ಗ್ರಾಫ್ ಹಿಗ್ಗಿಸಿ ನೋಡಿ, ಇಳಿಜಾರಿನ ಮೇಲೆಯೇ ನಾಲ್ಕೈದು ಏರಿಳಿತ ಕಾಣುತ್ತವೆ. 0 ಡಿಗ್ರಿಯಲ್ಲಿ ಅಲೆ ತುಂಬಾ ಹೊತ್ತು ನಿಲ್ಲುತ್ತದೆ. 30ರಲ್ಲಿ ಹರಳಿನ ಒಳಕ್ಕೆ ಸೋರಿ ಬೇಗ ಅಡಗುತ್ತದೆ. ನಿಮ್ಮ ಸೂತ್ರದಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಆ ಇಳಿತವೂ ಶಾಖದ ಲೆಕ್ಕಕ್ಕೆ ಸೇರಿಬಿಡುತ್ತದೆ. ಅಲೆಗೆ ಅದರದ್ದೇ ಇಳಿಯುವ ಕಾಲ ಕೊಡಿ. ಪಟ್ಟೆಗಳ ಅಂತರವನ್ನು 20 ಮೈಕ್ರಾನ್ ಮಾಡಿ. ಅಲೆಯ ಸುತ್ತು ಎರಡು ಪಟ್ಟಾಗುತ್ತದೆ, ಶಾಖದ ಕಾಲ ನಾಲ್ಕು ಪಟ್ಟು. ಎರಡೂ ಬಿಡಿಸಿಕೊಳ್ಳುತ್ತವೆ. ಗ್ರಾಫ್ ಇಲ್ಲಿ ಹಾಕಿ, ನನಗೂ ನೋಡಬೇಕು.

ಬದಿಯಡ್ಕ: ಫಾರ್ವರ್ಡ್ ಬಂದಿದೆ: ಹರಳಿಗೆ ಕಪ್ಪು ಮಾರ್ಕರ್ ಬಳಿದರೆ ತಪ್ಪೇ ಬರುವುದಿಲ್ಲವಂತೆ.

ಟೀಚರ್: ಬಳಿಯಬೇಡಿ. ಲೇಸರ್ ಫ್ಲ್ಯಾಷ್‌ನಲ್ಲಿ ಗ್ರಾಫೈಟ್ ಬಳಿಯುತ್ತಾರೆ, ಅದು ಒಂದು ಬದಿ ಬಿಸಿ ಮಾಡಿ ಇನ್ನೊಂದು ಬದಿಯಲ್ಲಿ ಅಳೆಯುವ ಬೇರೆ ವಿಧಾನ. ಇಲ್ಲಿ ಕನ್ನಡಿಯಂಥ ಮೈ ಬೇಕು. ಪಾಲಿಶ್ ಹಾಳಾದರೆ ಹರಳೇ ಹೋಯಿತು.

ಮಂಜೇಶ್ವರ: ಮೊದಲು ಪದ ಸರಿ ಮಾಡಿ. ಇದು ಉಷ್ಣವಹನ ಅಲ್ವಾ?

ಪೆರ್ಲ: ಅಲ್ಲ, ವಿಸರಣ.

ಮಂಜೇಶ್ವರ: ಎರಡೂ ಒಂದೇ. ನಾನು ಮೂವತ್ತು ವರ್ಷ ಪಾಠ ಮಾಡಿದವನು.

ಪೆರ್ಲ: ಹಾಗಾದರೆ ಮೂವತ್ತು ವರ್ಷ ತಪ್ಪು ಹೇಳಿದ್ದೀರಿ ಮಾಷ್ಟ್ರೇ. ವಹನವನ್ನು ಸಾಂದ್ರತೆ ಮತ್ತು ವಿಶಿಷ್ಟ ಉಷ್ಣದ ಗುಣಲಬ್ಧದಿಂದ ಭಾಗಿಸಿದರೆ ವಿಸರಣ.

ಮಂಜೇಶ್ವರ: ಹಿರಿಯರ ಹತ್ತಿರ ಮಾತಾಡುವ ರೀತಿಯಾ ಇದು?

ಮುಳ್ಳೇರಿಯ: ಟೀಚರ್, ಕ್ವಾರ್ಟ್ಜ್‌ಗೂ ಇದೇ ಲೆಕ್ಕವಾ?

ನೀಲೇಶ್ವರ: ಸರಾಸರಿ ತೆಗೆದರೆ ಆಗಲ್ವಾ?

ಟೀಚರ್: ಆಗಲ್ಲ. ಮೇಲೆ ಬರೆದಿದ್ದೇನೆ.

ಬದಿಯಡ್ಕ: ಇನ್ನೊಂದು ಫಾರ್ವರ್ಡ್. ಗಾಗಲ್ ಇಲ್ಲದಿದ್ದರೆ ಎಕ್ಸ್‌ರೇ ಫಿಲ್ಮ್ ಸಾಕಂತೆ.

ಟೀಚರ್: ಅದನ್ನು ಈಗಲೇ ಅಳಿಸಿ. 1064 ನ್ಯಾನೋಮೀಟರ್ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ, ರೆಟಿನಾ ಸುಡುತ್ತದೆ. ಆ ತರಂಗಾಂತರಕ್ಕೇ ಮಾಡಿದ ಗಾಗಲ್ ಇಲ್ಲದೆ ಯಾರೂ ಲೇಸರ್ ಹಚ್ಚಬಾರದು. ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಉತ್ತರ ಬರೆಯುವುದಿಲ್ಲ. ಕುಂಬಳೆಯವರೇ, ಗ್ರಾಫ್ ಎಲ್ಲಿ?